ಕಾಂಡೋಮ್ ಹರಿದುಹೋದ ಮೇಲೆ: ಮೊದಲ 72 ಗಂಟೆ ಮತ್ತು ಅನಂತರದ ಮೂರು ತಿಂಗಳು

“ಕಾಂಡೋಮ್ ಹರಿದು ಇಪ್ಪತ್ತು ದಿನವಾಯಿತು ಮೇಡಂ, ಈಗ ಗಂಟಲು ನೋಯುತ್ತಿದೆ, ಇದು ಎಚ್‌ಐವಿ ಲಕ್ಷಣವೇ?” ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ನನಗೆ ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಇದು. ಊರು ಬೇರೆ, ವಯಸ್ಸು ಬೇರೆ, ಕೇಳುವ ರೀತಿ ಮಾತ್ರ ಒಂದೇ. ಈ ಪ್ರಶ್ನೆ ಬರುವಷ್ಟರಲ್ಲಿ ಸೋಂಕನ್ನು ತಡೆಯಬಹುದಾಗಿದ್ದ ಮೂರು ದಿನಗಳು ಸಂಕೋಚದಲ್ಲೋ ಮೊಬೈಲ್ ಹುಡುಕಾಟದಲ್ಲೋ ಕಳೆದುಹೋಗಿರುತ್ತವೆ. ಉಳಿದ ದಿನಗಳಲ್ಲಿ ಮೈಮೇಲಿನ ಲಕ್ಷಣಗಳನ್ನು ನೋಡಿಕೊಂಡು ಕುಳಿತರೆ ಉತ್ತರವೂ ಸಿಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಆದ್ದರಿಂದ ಈ ಲೇಖನವನ್ನು ಲಕ್ಷಣಗಳ ಕ್ರಮದಲ್ಲಿ ಬರೆಯದೆ, ಮೊದಲು ಗಡಿಯಾರದ ಪ್ರಕಾರ, ಆಮೇಲೆ ಕ್ಯಾಲೆಂಡರಿನ ಪ್ರಕಾರ ಬರೆದಿದ್ದೇನೆ.

ನಾನು ವೈದ್ಯೆಯಲ್ಲ, ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಸೋಂಕು ತಡೆಯುವ ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ತೀರ್ಮಾನಿಸಬೇಕು. ಅವರ ಮುಂದೆ ಸರಿಯಾದ ಹೊತ್ತಿಗೆ, ಸರಿಯಾದ ಮಾಹಿತಿಯೊಂದಿಗೆ ಹೋಗಿ ನಿಲ್ಲುವುದು ಹೇಗೆ ಎಂಬುದಷ್ಟೇ ಇಲ್ಲಿರುವುದು.

ಘಟನೆ ನಡೆದು ಇನ್ನೂ 72 ಗಂಟೆ ದಾಟಿಲ್ಲವಾದರೆ ನೇರವಾಗಿ ಮೂರನೆಯ ಹಂತಕ್ಕೆ ಹೋಗಿ. ಉಳಿದದ್ದನ್ನು ಬಸ್ಸಿನಲ್ಲಿ ಕುಳಿತು ಓದಬಹುದು.

1. ಹರಿದದ್ದು ಗೊತ್ತಾದ ಕೂಡಲೇ

ಮೊದಲಿಗೆ ಗಂಟೆ ಎಷ್ಟೆಂದು ನೋಡಿ ಮೊಬೈಲಿನಲ್ಲಿ ಬರೆದುಕೊಳ್ಳಿ. ಮುಂದೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಇದೇ, ಗಾಬರಿಯಲ್ಲಿ ನೆನಪಿನಿಂದ ಜಾರುವ ಮೊದಲ ಸಂಗತಿಯೂ ಇದೇ.

ಹೊರಗಿನ ಭಾಗವನ್ನು ಸಾಧಾರಣ ನೀರು, ಸೋಪಿನಿಂದ ಮೃದುವಾಗಿ ತೊಳೆದುಕೊಳ್ಳಿ, ಮೂತ್ರ ವಿಸರ್ಜನೆ ಮಾಡಿ. ಅಷ್ಟು ಸಾಕು. ಯೋನಿಯ ಅಥವಾ ಗುದದ ಒಳಕ್ಕೆ ನೀರು ಹಾಯಿಸುವುದು, ಡೆಟಾಲ್, ನಿಂಬೆರಸ, ಉಪ್ಪುನೀರು ಹಾಕಿ ಉಜ್ಜುವುದು ಇವೆಲ್ಲ ಬೇಡವೇ ಬೇಡ. ಒಳಗಿನ ತೆಳುಪೊರೆ ಇದರಿಂದ ಉರಿದು, ಗೀರಿ, ವೈರಾಣು ಒಳಸೇರಲು ದಾರಿ ಇನ್ನಷ್ಟು ಸಲೀಸಾಗುತ್ತದೆ. ಕಾಂಡೋಮ್ ಜಾರಿ ಒಳಗೇ ಉಳಿದಿದ್ದರೆ ಶುಚಿಯಾದ ಬೆರಳಿನಿಂದ ನಿಧಾನವಾಗಿ ತೆಗೆಯಿರಿ. ಬರದಿದ್ದರೆ ವೈದ್ಯರು ತೆಗೆಯುತ್ತಾರೆ.

ಕಾಂಡೋಮ್ ಪೂರ್ತಿ ಗಟ್ಟಿಯಾಗಿದ್ದು, “ಕಣ್ಣಿಗೆ ಕಾಣದ ತೂತು ಇದ್ದರೆ?” ಎಂಬ ಸಂಶಯ ಮಾತ್ರ ಇದ್ದರೆ ಅಲ್ಲಿಗೇ ನಿಲ್ಲಿಸಿ. ಲೇಟೆಕ್ಸ್ ಕಾಂಡೋಮ್ ಹರಿದರೆ ಸಾಮಾನ್ಯವಾಗಿ ಅದು ಎದ್ದು ಕಾಣುವಂತೆ ಬಾಯಿ ಬಿಟ್ಟಿರುತ್ತದೆ. ಗಟ್ಟಿಯಾಗಿ ಉಳಿದ ಕಾಂಡೋಮ್ ತನ್ನ ಕೆಲಸ ಮಾಡಿದೆ.

2. ಅಪಾಯ ಎಷ್ಟೆಂದು ಲೆಕ್ಕ ಹಾಕುವುದು

ಎಚ್‌ಐವಿ ಹರಡಲು ಮೂರು ಸಂಗತಿ ಒಟ್ಟಿಗೆ ಸೇರಬೇಕು. ಸಂಗಾತಿಗೆ ಎಚ್‌ಐವಿ ಇರಬೇಕು, ಅವರ ರಕ್ತದಲ್ಲಿ ವೈರಾಣು ಸಾಕಷ್ಟು ಪ್ರಮಾಣದಲ್ಲಿರಬೇಕು, ಮತ್ತು ವೀರ್ಯ, ಯೋನಿಸ್ರಾವ, ಗುದದ್ರವ ಅಥವಾ ರಕ್ತ ನಿಮ್ಮ ಒಳಪೊರೆಗೋ ಗಾಯಕ್ಕೋ ತಾಗಬೇಕು. ಎಂಜಲು, ಮುತ್ತು, ಬೆವರು, ಒಂದೇ ತಟ್ಟೆಯ ಊಟ, ಶೌಚಾಲಯ, ಸೊಳ್ಳೆ ಇವುಗಳಿಂದ ಹರಡುವುದಿಲ್ಲ.

ಸಂಗಾತಿಗೆ ಎಚ್‌ಐವಿ ಇದೆ, ಚಿಕಿತ್ಸೆ ಪಡೆಯುತ್ತಿಲ್ಲ, ಕಾಂಡೋಮ್ ರಕ್ಷಣೆ ಸಿಕ್ಕಿಲ್ಲ ಎಂದೇ ಇಟ್ಟುಕೊಂಡರೂ ಒಂದು ಬಾರಿಯ ಯೋನಿ ಸಂಭೋಗದಲ್ಲಿ ಸೋಂಕು ತಗಲುವ ಸಾಧ್ಯತೆ ಹೆಣ್ಣಿಗೆ 10,000ಕ್ಕೆ ಸುಮಾರು 8, ಗಂಡಿಗೆ ಸುಮಾರು 4 ಎಂಬುದು ವೈದ್ಯಲೋಕ ಒಪ್ಪಿರುವ ಅಂದಾಜು. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಇದು 10,000ಕ್ಕೆ ಸುಮಾರು 138ಕ್ಕೆ ಏರುತ್ತದೆ, ಇನ್ನೊಬ್ಬರಿಗೆ ಸುಮಾರು 11. ಮುಖಮೈಥುನದಲ್ಲಿ ಅಪಾಯ ಅತ್ಯಲ್ಪ.

ಸಂಗಾತಿಯ ಸ್ಥಿತಿಯೇ ಗೊತ್ತಿಲ್ಲದಿದ್ದಾಗ ಈ ಅಂಕಿಗಳು ಇನ್ನೂ ಕುಗ್ಗುತ್ತವೆ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರ ಪ್ರಮಾಣ ಶೇ. 0.2ರ ಆಸುಪಾಸಿನಲ್ಲಿದೆ. ಅದನ್ನು ಮೇಲಿನ ಅಂಕಿಯೊಂದಿಗೆ ಗುಣಿಸಿದರೆ ಹೆಣ್ಣೊಬ್ಬಳಿಗೆ ಒಂದು ಘಟನೆಯಿಂದ ಬರುವ ಅಪಾಯ ಕೋಟಿಗೆ ಸುಮಾರು 16 ಆಗುತ್ತದೆ. ಇದು ಸರಾಸರಿ ಲೆಕ್ಕ ಎಂಬುದನ್ನು ಮರೆಯಬೇಡಿ. ಸಂಗಾತಿಗೆ ಹಲವರೊಂದಿಗೆ ಸಂಪರ್ಕವಿದ್ದರೆ, ಸಿರಿಂಜಿನಿಂದ ಮಾದಕ ವಸ್ತು ಚುಚ್ಚಿಕೊಳ್ಳುವ ಅಭ್ಯಾಸವಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಗುಪ್ತಾಂಗದಲ್ಲಿ ಹುಣ್ಣಿದ್ದರೆ, ರಕ್ತಸ್ರಾವವಾಗಿದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಅಂಕಿ ಸಣ್ಣದೆಂದು ಮಾತ್ರೆಯ ವಿಚಾರ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ವೈದ್ಯರ ಬಳಿ ಹೋಗುವವರೆಗೆ ತಲೆ ತಣ್ಣಗಿರಲಿ ಎಂಬುದಕ್ಕೆ ಇದನ್ನು ಬರೆದೆ.

ಸಂಗಾತಿಗೆ ಎಚ್‌ಐವಿ ಇರುವುದು ಗೊತ್ತಿದ್ದು, ಅವರು ತಪ್ಪದೆ ಎಆರ್‌ಟಿ ತೆಗೆದುಕೊಳ್ಳುತ್ತಿದ್ದರೆ ಚಿತ್ರವೇ ಬೇರೆ. ಎಆರ್‌ಟಿ ಎಂದರೆ ವೈರಾಣುವಿನ ಬೆಳವಣಿಗೆಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ. ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ‘ಪತ್ತೆಯಾಗದ ಮಟ್ಟ’ ಎಂದು ಬಂದು, ಆ ಸ್ಥಿತಿ ಉಳಿದುಕೊಂಡಿದ್ದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಇಂಥ ದಂಪತಿಗಳು ಕಾಂಡೋಮ್ ಹರಿದಾಗ ಕೊನೆಯ ವೈರಲ್ ಲೋಡ್ ವರದಿಯನ್ನು ಹುಡುಕಿ ಇಟ್ಟುಕೊಂಡು, ಚಿಕಿತ್ಸೆ ಪಡೆಯುತ್ತಿರುವ ಕೇಂದ್ರಕ್ಕೇ ಹೋಗುವುದು ಒಳ್ಳೆಯದು.

3. 72 ಗಂಟೆಯೊಳಗೆ ಆಸ್ಪತ್ರೆ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಎಚ್‌ಐವಿ ದೇಹದೊಳಗೆ ಬಿದ್ದ ಕ್ಷಣವೇ ಶಾಶ್ವತವಾಗಿ ನೆಲೆಯೂರುವುದಿಲ್ಲ. ಒಳಪೊರೆಯ ಜೀವಕೋಶಗಳನ್ನು ಹೊಕ್ಕು, ಅಲ್ಲಿಂದ ದುಗ್ಧಗ್ರಂಥಿಗಳನ್ನು ತಲುಪಿ, ರಕ್ತಕ್ಕೆ ಹರಡಲು ಅದಕ್ಕೆ ಒಂದೆರಡು ಮೂರು ದಿನ ಬೇಕು. ಆ ಅವಧಿಯಲ್ಲಿ ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳದಂತೆ ಮಾತ್ರೆಗಳಿಂದ ತಡೆದರೆ ಸೋಂಕು ಬೇರು ಬಿಡುವುದಿಲ್ಲ. ಈ ಚಿಕಿತ್ಸೆಗೆ ಪಿಇಪಿ ಅಥವಾ ‘ಪೆಪ್’ ಎನ್ನುತ್ತಾರೆ, ಅಂದರೆ ಸೋಂಕಿಗೆ ಒಡ್ಡಿಕೊಂಡ ಮೇಲೆ ತೆಗೆದುಕೊಳ್ಳುವ ಮುನ್ನೆಚ್ಚರಿಕೆಯ ಮಾತ್ರೆ. ಎರಡು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ, 72 ಗಂಟೆ ಕೊನೆಯ ಗಡಿ. 70ನೆಯ ಗಂಟೆಯ ಮಾತ್ರೆ 5ನೆಯ ಗಂಟೆಯ ಮಾತ್ರೆಗೆ ಸಮವಲ್ಲ. ‘ಇನ್ನೂ ಎರಡು ದಿನ ಇದೆಯಲ್ಲ’ ಎಂದು ಸೋಮವಾರದವರೆಗೆ ಕಾಯುವುದು ನಾನು ಕಂಡಿರುವ ದೊಡ್ಡ ತಪ್ಪುಗಳಲ್ಲೊಂದು.

ಎಲ್ಲಿಗೆ ಹೋಗಬೇಕು? ಹಾಸನದಲ್ಲಿ ಹಿಮ್ಸ್ ಬೋಧನಾ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಕೆಲಸದ ದಿನ, ಹಗಲು ಹೊತ್ತಾದರೆ ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ವಿಭಾಗ, ಎಲ್ಲಿದೆ ಎಂದು ಕೇಳಿ ಅಲ್ಲಿಗೇ ಹೋಗಿ. ರಾತ್ರಿಯಾದರೆ, ಭಾನುವಾರವಾದರೆ, ಹಬ್ಬದ ರಜೆಯಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಸಕಲೇಶಪುರ, ಬೇಲೂರು, ಮೂಡಿಗೆರೆ, ಕೊಪ್ಪ, ತರೀಕೆರೆ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿರುವ ಐಸಿಟಿಸಿಯಲ್ಲಿ ವಿಚಾರಿಸಬಹುದು. ಐಸಿಟಿಸಿ ಎಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಎರಡೂ ಉಚಿತವಾಗಿ ಸಿಗುವ ಸರ್ಕಾರಿ ಕೇಂದ್ರ. ಅಲ್ಲಿ ಮಾತ್ರೆ ಇಲ್ಲವೆಂದರೆ ಮರುದಿನಕ್ಕೆ ಮುಂದೂಡದೆ ಜಿಲ್ಲಾ ಕೇಂದ್ರಕ್ಕೆ ಹೊರಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ನಮ್ಮ ಮಲೆನಾಡಿನಲ್ಲಿ ಕೊನೆಯ ಬಸ್ಸನ್ನು ನಂಬಿಕೊಂಡಿರುವುದು ಕ್ಷೇಮವಲ್ಲ. ಎಲ್ಲಿ ಹೋಗಬೇಕೆಂದೇ ತೋಚದಿದ್ದರೆ 1097ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಪರಿಚಯದವರು ಕಂಡುಬಿಟ್ಟರೆ ಎಂಬ ಭಯ ಸಣ್ಣ ಊರುಗಳಲ್ಲಿ ಸುಳ್ಳಲ್ಲ. ಹಾಸನದವರು ಚಿಕ್ಕಮಗಳೂರಿಗೆ, ಚಿಕ್ಕಮಗಳೂರಿನವರು ಹಾಸನಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಾರಣ ಕೇಳಿದರೆ “ವೈದ್ಯರಿಗೆ ಹೇಳುತ್ತೇನೆ” ಎಂದರೆ ಸಾಕು, ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳಿಸಬೇಕಾಗಿಲ್ಲ. ವೈದ್ಯರ ಮುಂದೆ ಮಾತ್ರ ಸುತ್ತಿ ಬಳಸಿ ಹೇಳಬೇಡಿ. “ಮೈಯಲ್ಲಿ ಸುಸ್ತು” ಎಂದು ಶುರು ಮಾಡಿದರೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆಸಿಕೊಂಡು ಹಿಂತಿರುಗುತ್ತೀರಿ. ಹೀಗೆ ಹೇಳಿ: “ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಸಂಭೋಗದ ವೇಳೆ ಕಾಂಡೋಮ್ ಹರಿದಿದೆ. ಸಂಗಾತಿಯ ಎಚ್‌ಐವಿ ಸ್ಥಿತಿ ಗೊತ್ತಿಲ್ಲ. ನನಗೆ ಪಿಇಪಿ ಬೇಕಾಗುತ್ತದೆಯೇ ಎಂದು ನೋಡಿ.”

ಇಲ್ಲಿ ಎದುರಾಗುವ ತೊಡಕುಗಳನ್ನು ಮೊದಲೇ ತಿಳಿದಿರಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಪಿಇಪಿ ಮಾತ್ರೆಗಳನ್ನು ಮುಖ್ಯವಾಗಿ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಗಾಗಿ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗಾಗಿ ಇಟ್ಟಿರುತ್ತಾರೆ. ಸಮ್ಮತಿಯ ಸಂಭೋಗದಲ್ಲಿ ಕಾಂಡೋಮ್ ಹರಿದವರಿಗೆ ಕೆಲವೊಮ್ಮೆ “ಇಲ್ಲಿಂದ ಕೊಡಲು ಬರುವುದಿಲ್ಲ” ಎಂಬ ಉತ್ತರ ಸಿಗಬಹುದು. ಆಗ ವಾದಕ್ಕೆ ನಿಂತು ಗಂಟೆ ಕಳೆಯಬೇಡಿ, ಔಷಧಿ ಚೀಟಿ ಬರೆದುಕೊಡುವಂತೆ ಕೇಳಿ, ಹೊರಗೆ ಕೊಂಡುಕೊಳ್ಳಿ. ಎಲ್ಲ ಮೆಡಿಕಲ್ ಸ್ಟೋರುಗಳಲ್ಲಿ ಈ ಮಾತ್ರೆ ಇರುವುದಿಲ್ಲವಾದ್ದರಿಂದ ದೊಡ್ಡ ಆಸ್ಪತ್ರೆಗಳ ಬಳಿಯ ಅಂಗಡಿಗಳಲ್ಲಿ ಮೊದಲು ವಿಚಾರಿಸಿ.

ಎರಡನೆಯದು, “ಮೂರು ತಿಂಗಳು ಬಿಟ್ಟು ಬಂದು ಟೆಸ್ಟ್ ಮಾಡಿಸಿ” ಎಂದು ಕಳುಹಿಸಿಬಿಡುವುದು. ರಾತ್ರಿ ಪಾಳಿಯ ಆಸ್ಪತ್ರೆಯೊಂದರಲ್ಲಿ ಹೀಗೆ ಹೇಳಿಸಿಕೊಂಡು ನಾಲ್ಕನೆಯ ದಿನ ನಮ್ಮ ಕೇಂದ್ರಕ್ಕೆ ಬಂದ ತೋಟದ ಕೆಲಸದ ಹುಡುಗನೊಬ್ಬನಿಗೆ ಪರೀಕ್ಷೆಯ ತಾರೀಕು ಬರೆದುಕೊಡುವುದರ ಹೊರತು ನಾವು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಅಂಥ ಉತ್ತರ ಬಂದರೆ “ಪರೀಕ್ಷೆ ಆಮೇಲೆ ಮಾಡಿಸುತ್ತೇನೆ, ಪಿಇಪಿ ಈಗ ಬೇಕೇ ಎಂದು ತಿಳಿಸಿ” ಎಂದು ಮತ್ತೊಮ್ಮೆ ಕೇಳಿ, ಅಥವಾ ಬೇರೆ ವೈದ್ಯರನ್ನು ಕಾಣಿ.

ಮೂರನೆಯದು, “ಒಂದು ಇಂಜೆಕ್ಷನ್ ಹಾಕಿಬಿಡುತ್ತೇನೆ, ಏನೂ ಆಗುವುದಿಲ್ಲ” ಎನ್ನುವವರು. ಪೆನಿಸಿಲಿನ್, ಟಿಟಿ, ಯಾವುದೇ ಆ್ಯಂಟಿಬಯಾಟಿಕ್, ಯಾವುದೇ ನಾಟಿ ಔಷಧಿ ಎಚ್‌ಐವಿಯನ್ನು ತಡೆಯುವುದಿಲ್ಲ.

ನಡೆದದ್ದು ಅಪಘಾತವಲ್ಲ, ಬಲಾತ್ಕಾರ ಎಂದಾದರೆ ಯಾವುದೇ ಸರ್ಕಾರಿ ಅಥವಾ ಖಾಸಗಿ ಆಸ್ಪತ್ರೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ದೂರು ದಾಖಲಾದ ಮೇಲೆಯೇ ಮಾತ್ರೆ ಎಂದು ಯಾರೂ ನಿಮ್ಮನ್ನು ಕಾಯಿಸುವಂತಿಲ್ಲ.

ಗರ್ಭ ನಿಲ್ಲುವ ಸಾಧ್ಯತೆ ಇದ್ದರೆ ಅದಕ್ಕೂ ಇದೇ ಗಡಿಯಾರ. ಲೆವೊನೋರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಒಂದು ನುಂಗಬೇಕು. ಇದಕ್ಕೆ ಚೀಟಿ ಬೇಕಿಲ್ಲ, ಐ-ಪಿಲ್, ಅನ್‌ವಾಂಟೆಡ್-72 ಎಂಬ ಹೆಸರುಗಳಲ್ಲಿ ಸಿಗುತ್ತದೆ. ಇದು ಎಚ್‌ಐವಿ ತಡೆಯುವುದಿಲ್ಲ, ಪಿಇಪಿ ಗರ್ಭ ತಡೆಯುವುದಿಲ್ಲ. ಎರಡೂ 72 ಗಂಟೆಯ ಮಾತ್ರೆಗಳೆಂದು ಒಂದನ್ನು ಇನ್ನೊಂದೆಂದು ತಿಳಿದು ನಿಶ್ಚಿಂತರಾದವರಿದ್ದಾರೆ.

4. ಮಾತ್ರೆಯ 28 ದಿನಗಳು

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಸೇರಿದ ಒಂದೇ ಮಾತ್ರೆ. ಮೂರರ ಮೊದಲಕ್ಷರ ಸೇರಿಸಿ ಇದನ್ನು ‘ಟಿಎಲ್‌ಡಿ’ ಎಂದು ಕರೆಯುತ್ತಾರೆ. ದಿನಕ್ಕೊಂದು, ಒಟ್ಟು 28 ದಿನ, ಒಂದೇ ಹೊತ್ತಿಗೆ.

ಶುರುವಿನಲ್ಲಿ ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮೂತ್ರಪಿಂಡದ ಪರೀಕ್ಷೆ ಮಾಡುತ್ತಾರೆ. ಈ ಮೊದಲ ಎಚ್‌ಐವಿ ಪರೀಕ್ಷೆಯ ಬಗ್ಗೆ ಬಹಳ ಗೊಂದಲವಿದೆ. ಅದು ನಿನ್ನೆಯ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಅದಕ್ಕಿಂತ ಮೊದಲೇ ನಿಮಗೆ ಸೋಂಕು ಇತ್ತೇ ಎಂಬುದನ್ನು ಮಾತ್ರ ತಿಳಿಸುತ್ತದೆ. ಮರುದಿನವೇ ‘ನೆಗೆಟಿವ್’ ಬಂತೆಂದು ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಹಾಗೆಯೇ, ವರದಿ ಬರಲಿ ಎಂದು ಮೊದಲ ಮಾತ್ರೆಯನ್ನು ತಡಮಾಡುವುದೂ ತಪ್ಪು.

ವೈದ್ಯರಿಗೆ ಕೇಳದೆಯೂ ಹೇಳಬೇಕಾದ ಸಂಗತಿಗಳು ಕೆಲವಿವೆ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮೂರ್ಛೆರೋಗದ ಮಾತ್ರೆ, ಕ್ಷಯದ ಚಿಕಿತ್ಸೆ, ಗರ್ಭ, ಎದೆಹಾಲು ಕುಡಿಯುವ ಮಗು ಇವುಗಳಲ್ಲಿ ಯಾವುದಿದ್ದರೂ ಔಷಧಿಯನ್ನೋ ಅದರ ಪ್ರಮಾಣವನ್ನೋ ಬದಲಿಸಬೇಕಾಗಬಹುದು. ಹೊಟ್ಟೆ ಉರಿಗೆ ಕುಡಿಯುವ ಜೆಲುಸಿಲ್, ಡೈಜಿನ್ ತರಹದ ಆ್ಯಂಟಾಸಿಡ್ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ಅವುಗಳಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಂಶಗಳು ಡೊಲುಟೆಗ್ರಾವಿರನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳೂ ಹೀಗೆಯೇ. ಟಿಎಲ್‌ಡಿಯನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಮಾತ್ರೆಯಿಂದ ಹೊಟ್ಟೆ ತೊಳೆಸಿದಂತಾಗಿ, ಅದಕ್ಕೆ ಆ್ಯಂಟಾಸಿಡ್ ಕುಡಿದು, ಮಾತ್ರೆಯ ಶಕ್ತಿಯನ್ನೇ ಕುಂದಿಸಿಕೊಳ್ಳುವುದು ಗೊತ್ತಿಲ್ಲದೆ ನಡೆಯುವ ಪ್ರಮಾದ.

ವಾಕರಿಕೆ, ತಲೆನೋವು, ನಿದ್ದೆ ಕೆಡುವುದು ಮೊದಲ ವಾರ ಕಾಣಿಸಿಕೊಳ್ಳಬಹುದು, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮರುದಿನ ಎರಡು ನುಂಗಬೇಡಿ. ಮೈಮೇಲೆ ದದ್ದು ಎದ್ದರೆ, ಕಣ್ಣು ಹಳದಿಯಾದರೆ ವೈದ್ಯರನ್ನು ಕಾಣಿ, ನೀವಾಗಿ ನಿಲ್ಲಿಸಬೇಡಿ. ಇನ್ನೂ ಒಂದು ಮಾತು: ಹೆಪಟೈಟಿಸ್ ಬಿ ಇರುವವರಲ್ಲಿ ಈ ಮಾತ್ರೆ ಆ ವೈರಾಣುವನ್ನೂ ಹತ್ತಿಕ್ಕುವುದರಿಂದ, 28 ದಿನ ಮುಗಿದು ನಿಲ್ಲಿಸಿದಾಗ ಯಕೃತ್ತಿನ ಉರಿಯೂತ ಏಕಾಏಕಿ ಏರಬಹುದು. ಆದ್ದರಿಂದ ಆ ವರದಿಯನ್ನು ಪಡೆಯದೆ ಬಿಡಬೇಡಿ.

5. ಎಚ್‌ಐವಿ ಒಂದೇ ಅಲ್ಲ

ಕಾಂಡೋಮ್ ಹರಿದಾಗ ಎಲ್ಲರ ತಲೆಯಲ್ಲಿ ಓಡುವುದು ಎಚ್‌ಐವಿ. ಆದರೆ ಸಿಫಿಲಿಸ್, ಗೊನೊರಿಯಾ, ಹೆಪಟೈಟಿಸ್ ಬಿ ಅದಕ್ಕಿಂತ ಸುಲಭವಾಗಿ ಹರಡುತ್ತವೆ. ಗುಪ್ತಾಂಗದಲ್ಲಿ ಹುಣ್ಣು, ಕೀವು, ಉರಿಮೂತ್ರ, ವಾಸನೆಯ ಬಿಳಿಸ್ರಾವ ಕಾಣಿಸಿದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ‘ಸುರಕ್ಷಾ ಕ್ಲಿನಿಕ್’ಗೆ ಹೋಗಿ, ಲೈಂಗಿಕ ಸೋಂಕುಗಳಿಗೆ ಅಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಈಗಲೇ ಕೇಳಿ ಹಾಕಿಸಿಕೊಳ್ಳಿ. ಸಿಫಿಲಿಸ್ ಹುಣ್ಣು ನೋಯುವುದಿಲ್ಲ, ತಾನಾಗಿ ಮಾಯವೂ ಆಗುತ್ತದೆ, ಕಾಯಿಲೆ ಮಾತ್ರ ಒಳಗೆ ಉಳಿಯುತ್ತದೆ.

6. ಲಕ್ಷಣಗಳ ವಿಚಾರ

ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಕತ್ತು ಮತ್ತು ಕಂಕುಳಿನ ಗ್ರಂಥಿಗಳ ಊತ, ಮೈಕೈ ನೋವು, ಬಾಯಿಹುಣ್ಣು ಕಾಣಿಸಿಕೊಂಡು, ಕೆಲವು ದಿನಗಳಿಂದ ಎರಡು ವಾರದೊಳಗೆ ಹೋಗುತ್ತವೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ: ಇದರಲ್ಲಿ ಎಚ್‌ಐವಿಗೆ ಮಾತ್ರ ಸೇರಿದ ಲಕ್ಷಣ ಒಂದೂ ಇಲ್ಲ. ಜ್ವರ ಬಂದಿತೆಂದರೆ ಎಚ್‌ಐವಿ ಇದೆ ಎಂದಾಗಲಿ, ಬರಲಿಲ್ಲವೆಂದರೆ ಇಲ್ಲ ಎಂದಾಗಲಿ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ.

ಆತಂಕ ತಾನೇ ಲಕ್ಷಣಗಳನ್ನು ಹುಟ್ಟಿಸುತ್ತದೆ. ಸಮಾಲೋಚನೆಗೆ ಬಂದವರೊಬ್ಬರು ದವಡೆಯ ಕೆಳಗಿನ ಗ್ರಂಥಿ ದಪ್ಪವಾಗಿದೆಯೇ ಎಂದು ದಿನಕ್ಕೆ ಹತ್ತಾರು ಬಾರಿ ಎರಡು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದರು. ನಮ್ಮ ಮುಂದೆ ಕುಳಿತಾಗಲೂ ಕೈ ಅಲ್ಲಿಗೇ ಹೋಗುತ್ತಿತ್ತು. ಚರ್ಮ ಕೆಂಪಾಗಿ, ಒತ್ತಿದ ಜಾಗವೇ ನೋಯಲು ಶುರುವಾಗಿ, ಆ ನೋವನ್ನೇ ಅವರು ಸೋಂಕಿನ ಸಾಕ್ಷಿ ಎಂದು ನಂಬಿದ್ದರು. ಬೆಳಗಿನ ಬೆಳ್ಳನೆಯ ನಾಲಿಗೆಯ ಫೋಟೋಗಳನ್ನು ತಾರೀಕಿನ ಸಮೇತ ಜೋಡಿಸಿಟ್ಟು ತಂದು ತೋರಿಸಿದವರೂ ಇದ್ದಾರೆ. ಊಟ ಬಿಟ್ಟರೆ ತೂಕ ಇಳಿಯುತ್ತದೆ, ನಿದ್ದೆಗೆಟ್ಟರೆ ಬೆವರು ಬರುತ್ತದೆ, ಎರಡೂ ‘ಏಡ್ಸ್ ಲಕ್ಷಣ’ಗಳ ಪಟ್ಟಿಯಲ್ಲಿವೆ. ಘಟನೆಯ ಮರುದಿನವೇ, ಮೂರನೆಯ ದಿನವೇ ಕಾಣಿಸಿಕೊಂಡ ಲಕ್ಷಣಗಳಂತೂ ಎಚ್‌ಐವಿಯವಾಗಿರಲು ಸಾಧ್ಯವಿಲ್ಲ. ವೈರಾಣುವಿಗೆ ಅಷ್ಟು ವೇಗವಿಲ್ಲ.

ಇದರಲ್ಲಿ ನಿಜವಾದ ಅಪಾಯವೊಂದು ಅಡಗಿದೆ, ನಮ್ಮ ಜಿಲ್ಲೆಗಳವರು ಇದನ್ನು ಗಮನವಿಟ್ಟು ಓದಬೇಕು. ಘಟನೆಯಾದ ಮೂರು ವಾರಕ್ಕೆ ಜೋರು ಜ್ವರ ಬಂದರೆ, ‘ಇದು ಅದೇ’ ಎಂದು ನಿಶ್ಚಯಿಸಿಕೊಂಡು, ಆಸ್ಪತ್ರೆಗೆ ಹೋದರೆ ಗುಟ್ಟು ರಟ್ಟಾಗುತ್ತದೆಂದು ಕೋಣೆಯಲ್ಲೇ ಮಲಗುವವರಿದ್ದಾರೆ. ಮಳೆಗಾಲದಲ್ಲಿ ಆ ಜ್ವರ ಡೆಂಗಿಯಾಗಿರಬಹುದು, ಗದ್ದೆ, ತೋಟದ ಕೆಸರಿನಲ್ಲಿ ಓಡಾಡಿದವರಿಗೆ ಇಲಿಜ್ವರವಾಗಿರಬಹುದು, ಬೇಸಿಗೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಕಾಡಂಚಿನವರಿಗೆ ಮಂಗನ ಕಾಯಿಲೆಯಾಗಿರಬಹುದು. ಎಚ್‌ಐವಿ ಪತ್ತೆಗೆ ವಾರಗಳ ಸಮಯವಿದೆ, ಇವುಗಳಿಗೆ ಇಲ್ಲ. ಜ್ವರ ಬಂದರೆ ಜ್ವರಕ್ಕೆ ಚಿಕಿತ್ಸೆ ಪಡೆಯಿರಿ. ವೈದ್ಯರಿಗೆ ಕಾಂಡೋಮ್ ವಿಚಾರವನ್ನೂ ಹೇಳಿದರೆ ಅವರು ಎರಡನ್ನೂ ಒಟ್ಟಿಗೆ ನೋಡುತ್ತಾರೆ.

7. ಪರೀಕ್ಷೆ ಯಾವತ್ತು

ಸೋಂಕು ತಗಲಿದ ದಿನಕ್ಕೂ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವ ದಿನಕ್ಕೂ ನಡುವಿನ ಅಂತರಕ್ಕೆ ‘ವಿಂಡೋ ಪೀರಿಯಡ್’ ಎನ್ನುತ್ತಾರೆ. ಈ ಅವಧಿಯಲ್ಲಿ ಬಂದ ನೆಗೆಟಿವ್ ಕೊನೆಯ ಮಾತಲ್ಲ. ಐಸಿಟಿಸಿಯಲ್ಲಿ ಮಾಡುವುದು ರಕ್ತದಲ್ಲಿನ ಪ್ರತಿಕಾಯಗಳನ್ನು, ಅಂದರೆ ವೈರಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕಾಂಶಗಳನ್ನು ಪತ್ತೆ ಹಚ್ಚುವ ಪರೀಕ್ಷೆ. ಇದರ ನೆಗೆಟಿವ್ ಅನ್ನು ಪೂರ್ತಿ ನಂಬಲು 90 ದಿನ ಕಳೆಯಬೇಕು. ಖಾಸಗಿ ಲ್ಯಾಬುಗಳಲ್ಲಿ ‘ನಾಲ್ಕನೆಯ ತಲೆಮಾರಿನ’ ಪರೀಕ್ಷೆ ಸಿಗುತ್ತದೆ. ಅದು ಪ್ರತಿಕಾಯದ ಜೊತೆಗೆ ವೈರಾಣುವಿನದೇ ಪಿ24 ಎಂಬ ಪ್ರೋಟೀನನ್ನೂ ಹುಡುಕುವುದರಿಂದ, ಪಿಇಪಿ ತೆಗೆದುಕೊಳ್ಳದವರಲ್ಲಿ ತೋಳಿನಿಂದ ರಕ್ತ ತೆಗೆದು ಮಾಡಿದ ಪರೀಕ್ಷೆ 45 ದಿನಕ್ಕೇ ಭರವಸೆಯ ಉತ್ತರ ಕೊಡುತ್ತದೆ. ಪಿಇಪಿ ತೆಗೆದುಕೊಂಡವರಿಗೆ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಪರೀಕ್ಷೆ ಹೇಳುತ್ತಾರೆ.

ಉದಾಹರಣೆಗೆ, ಜೂನ್ 1ರ ರಾತ್ರಿ 11ಕ್ಕೆ ಕಾಂಡೋಮ್ ಹರಿದಿದೆ ಎಂದುಕೊಳ್ಳಿ. ಜೂನ್ 4ರ ರಾತ್ರಿ 11ಕ್ಕೆ ಪಿಇಪಿಯ ಬಾಗಿಲು ಮುಚ್ಚುತ್ತದೆ. ಜೂನ್ 2ರ ಬೆಳಿಗ್ಗೆ ಶುರು ಮಾಡಿದ್ದರೆ ಜೂನ್ 29ಕ್ಕೆ ಕೊನೆಯ ಮಾತ್ರೆ. ಜುಲೈ 13ಕ್ಕೆ ಆರು ವಾರ, ಆಗಸ್ಟ್ 30ಕ್ಕೆ 90 ದಿನ, ಡಿಸೆಂಬರ್ 1ಕ್ಕೆ ಆರು ತಿಂಗಳು. ನಿಮ್ಮ ತಾರೀಕುಗಳನ್ನು ಹೀಗೆ ಮೊಬೈಲಿನಲ್ಲಿ ಗುರುತು ಹಾಕಿ, ನಡುವಿನ ದಿನಗಳಲ್ಲಿ ಪರೀಕ್ಷೆ ಮಾಡಿಸಬೇಡಿ. ಹತ್ತನೆಯ ದಿನ ಒಂದು, ಹದಿನೈದಕ್ಕೆ ಇನ್ನೊಂದು, ಬೇರೆ ಲ್ಯಾಬಿನಲ್ಲಿ ಮತ್ತೊಂದು ಎಂದು ಹಣ ಸುರಿದವರಿಗೆ ಸಿಕ್ಕಿದ್ದು ಹೆಚ್ಚಿನ ಆತಂಕ ಮಾತ್ರ. 90 ದಿನ ದಾಟಿ ನೆಗೆಟಿವ್ ಬಂದ ಮೇಲೂ ಗೂಗಲ್ ಬಿಡಲು ಆಗದವರು ರಕ್ತ ಪರೀಕ್ಷೆಯ ಬದಲು ಮನೋವೈದ್ಯರನ್ನೋ ಸಮಾಲೋಚಕರನ್ನೋ ಕಾಣುವುದು ಮೇಲು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ, ಆ ಸಂಕಟಕ್ಕೂ ಚಿಕಿತ್ಸೆಯಿದೆ.

ಐಸಿಟಿಸಿಯಲ್ಲಿ ಮೊದಲು ಮಾತು, ಆಮೇಲೆ ಒಪ್ಪಿಗೆಗೆ ಸಹಿ, ಆಮೇಲೆ ರಕ್ತ. ಪರೀಕ್ಷಾ ಪಟ್ಟಿಯ ಮೇಲೆ ರಕ್ತ ಮತ್ತು ದ್ರಾವಣದ ಹನಿ ಬಿದ್ದ ಮೇಲೆ ‘ಸಿ’ (ಕಂಟ್ರೋಲ್) ಗುರುತಿನ ಬಳಿ ಮೂಡುವ ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು, ಆ ಒಂದು ಗೆರೆಯನ್ನು ದೂರದಿಂದ ಕಂಡು ಎದೆ ಒಡೆದುಕೊಳ್ಳಬೇಡಿ. ಮೊದಲ ಪರೀಕ್ಷೆಯಲ್ಲಿ ‘ರಿಯಾಕ್ಟಿವ್’ ಎಂದು ಬಂದರೂ ಅದು ರೋಗ ನಿರ್ಣಯವಲ್ಲ. ಇನ್ನೆರಡು ಬೇರೆ ಬಗೆಯ ಕಿಟ್‌ಗಳಲ್ಲಿ ಖಚಿತವಾದ ಮೇಲೆಯೇ ಪಾಸಿಟಿವ್ ಎನ್ನುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಪಾಸಿಟಿವ್ ಎಂದು ಖಚಿತವಾದರೆ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಉಚಿತ, ಮತ್ತು ಬೇಗ ಶುರು ಮಾಡಿ ತಪ್ಪದೆ ಮಾತ್ರೆ ತೆಗೆದುಕೊಂಡವರು ಎಲ್ಲರಂತೆ ದುಡಿದು, ಮದುವೆ ಮಕ್ಕಳೊಂದಿಗೆ ಬಹುಕಾಲ ಬಾಳುತ್ತಾರೆ.

8. ಉತ್ತರ ಬರುವವರೆಗೆ

ಕೊನೆಯ ಪರೀಕ್ಷೆಯವರೆಗೆ ಹೆಂಡತಿಯೋ ಗಂಡನೋ ಸಂಗಾತಿಯೋ ಯಾರೊಂದಿಗಾದರೂ ಸರಿ, ಕಾಂಡೋಮ್ ಬಳಸಲೇಬೇಕು, ರಕ್ತದಾನ ಮಾಡಬಾರದು. ಮನೆಯಲ್ಲಿ ಏಕಾಏಕಿ ಕಾಂಡೋಮ್ ತಂದರೆ ಅನುಮಾನ ಬರುತ್ತದಲ್ಲ ಎಂಬುದು ಮದುವೆಯಾದವರ ದೊಡ್ಡ ತಲೆನೋವು. ಹೇಗೆ ಹೇಳಬೇಕೆಂದು ಸಮಾಲೋಚಕರನ್ನು ಕೇಳಿ, ಅವರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಲೂ ಸಿದ್ಧರಿರುತ್ತಾರೆ. ಈ ಬಗೆಯ ಭಯ ಪದೇ ಪದೇ ಎದುರಾಗುವ ಜೀವನ ನಿಮ್ಮದಾದರೆ, ಸಂಪರ್ಕಕ್ಕೆ ಮೊದಲೇ ತೆಗೆದುಕೊಳ್ಳುವ ‘ಪ್ರೆಪ್’ ಎಂಬ ಮಾತ್ರೆಯ ಬಗ್ಗೆ ವೈದ್ಯರನ್ನು ವಿಚಾರಿಸಿ.

ಹರಿದದ್ದೇಕೆ ಎಂಬುದನ್ನೂ ನೋಡಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿದ ಲೇಟೆಕ್ಸ್ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಜಾರುವಿಕೆಗೆ ನೀರು ಆಧಾರಿತ ಜೆಲ್ ಬಳಸಿ. ಒಂದರ ಮೇಲೊಂದು ಎರಡು ಹಾಕಿಕೊಂಡರೆ ಅವು ಪರಸ್ಪರ ಉಜ್ಜಿ ಹರಿಯುತ್ತವೆ. ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ತೆರೆಯಬೇಡಿ, ತುದಿಯನ್ನು ಚಿವುಟಿ ಹಿಡಿದು ಗಾಳಿ ತೆಗೆದು ಹಾಕಿಕೊಳ್ಳಿ, ಅವಧಿ ಮುಗಿದ ತಾರೀಕು ನೋಡಿ. ತಿಂಗಳುಗಟ್ಟಲೆ ಪರ್ಸಿನಲ್ಲಿ ಮಡಚಿಟ್ಟದ್ದು, ಬಿಸಿಲಿಗೆ ನಿಂತ ಬೈಕಿನ ಟ್ಯಾಂಕ್ ಕವರಿನಲ್ಲೋ ಸ್ಕೂಟರಿನ ಡಿಕ್ಕಿಯಲ್ಲೋ ಬೆಂದದ್ದು ಇದ್ದರೆ ಇವತ್ತೇ ತೆಗೆದು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಹೊಸದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.